ಶ್ವಾಸಕೋಶದ ಬಿಳಿಯ ಮಚ್ಚೆ

ಶಹಾಪುರ ತಾಲ್ಲೂಕಿನ ದೋರನಹಳ್ಳಿಯ ಬೇಸಾಯಗಾರನೊಬ್ಬನು ತಿಂಗಳುಗಟ್ಟಲೆ ಕೆಮ್ಮುತ್ತಿರುವನೆಂದು ಭಾವಿಸೋಣ. ಕ್ಷ-ಕಿರಣ ಚಿತ್ರದಲ್ಲಿ ಶ್ವಾಸಕೋಶದ ಮೇಲೊಂದು ಬಿಳಿಯ ಮಚ್ಚೆ. ನಮ್ಮ ನಾಡಿನಲ್ಲಿ ಮೊದಲು ಕ್ಷಯವನ್ನು ಶಂಕಿಸುವುದೇ ನ್ಯಾಯ. ಆದರೆ ಕಫದಲ್ಲಿ ಕ್ಷಯಾಣು ಸಿಕ್ಕದೆ, ಆರು ತಿಂಗಳ ಔಷಧಿಗೂ ಮಚ್ಚೆ ಕರಗದಿದ್ದರೆ?

ಇಂಥ ಮಚ್ಚೆಯು ಬಹು ಅಪರೂಪವಾಗಿ ‘ಮಾಲ್ಟ್ ಲಿಂಫೋಮ’ ಆಗಿರುವುದುಂಟು. ರೋಗಾಣುಗಳೊಡನೆ ಹೋರಾಡಬೇಕಾದ ‘ಬಿ’ ದುಗ್ಧಕಣಗಳೇ ಇಲ್ಲಿ ಅಂಕೆ ಮೀರಿ ಬೆಳೆಯುತ್ತವೆ. ಲೋಳೆಪೊರೆಗೆ ಸೇರಿದ ಈ ಬಗೆಯ ಗಡ್ಡೆಯನ್ನು ೧೯೮೩ರಲ್ಲಿ ಐಸಾಕ್ಸನ್ ಮತ್ತು ರೈಟ್ ಎಂಬ ವಿಜ್ಞಾನಿಗಳು ಜೀರ್ಣಾಂಗಗಳಲ್ಲಿ ಗುರುತಿಸಿ ವಿವರಿಸಿದರು.

ಚಿತ್ರವನ್ನು ಮಾತ್ರ ನೋಡಿ ನಿರ್ಣಯಿಸಲಾಗದು. ಸೂಜಿಯಿಂದಲೋ, ಶ್ವಾಸನಾಳದರ್ಶಕದಿಂದಲೋ ಅಂಗಾಂಶದ ಚೂರೊಂದನ್ನು ತೆಗೆಯಬೇಕು. ಚೂರು ತೀರ ಚಿಕ್ಕದಾದರೆ ತಜ್ಞರಿಗೂ ತೊಡಕೇ; ಏಕೆಂದರೆ ಉರಿಯೂತದಲ್ಲಿ ನೆರೆಯುವ ಕಣಗಳೂ ಸೂಕ್ಷ್ಮದರ್ಶಕದಲ್ಲಿ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತವೆ. ಆಗ ಪ್ರತಿಕಾಯಗಳ ನೆರವಿನಿಂದ ಬಣ್ಣ ಹಿಡಿಸಿ ನೋಡುವರು. ‘ಸಿಡಿ ೨೦’ ಎಂಬ ಗುರುತು ಬಣ್ಣವೇರಿದರೆ ಅವು ‘ಬಿ’ ಕಣಗಳು. ಅವೆಲ್ಲವೂ ಒಂದೇ ಕಣದ ಸಂತಾನವೆಂದು ಕಂಡುಬಂದರೆ ಶಂಕೆ ಬಲವಾಗುತ್ತದೆ.

೧೯೭೩ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆಯೊಂದು ದೋರನಹಳ್ಳಿಗೆ ಹತ್ತಿರದ ಕಲಬುರಗಿಯಲ್ಲಿಯೂ ಇದೆ. ಈ ಗಡ್ಡೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದು. ಕೆಲವರಲ್ಲಿ ವೈದ್ಯರು ಕೂಡಲೇ ಔಷಧಿ ಕೊಡದೆ ಕಾದು ನೋಡುವರು.