ಒಂದು ಯೂನಿಟ್ಟಿಗೆ ಎಷ್ಟು ಕೊಡ ನೀರು?

ಜೋಳದ ದಂಟಿನ ಒಂದು ತುಂಡು ಬೆಂಡಿಗೆ ಸೈಕಲ್ಲಿನ ಕಡ್ಡಿ ಚುಚ್ಚಿ. ಹಳೆಯ ಪ್ಲಾಸ್ಟಿಕ್ ಡಬ್ಬಿಯಿಂದ ಆರು ಎಸಳು ಕತ್ತರಿಸಿ ಬೆಂಡಿನ ಸುತ್ತ ಸಿಗಿಸಿ. ಚರಿಗೆಯಿಂದ ಅದರ ಮೇಲೆ ಗೇಣೆತ್ತರದಿಂದ ನೀರು ಸುರಿದರೆ ಚಕ್ರ ತೂಕಡಿಸುತ್ತ ತಿರುಗುತ್ತದೆ. ಕಟ್ಟೆ ಹತ್ತಿ ಆಳೆತ್ತರದಿಂದ ಸುರಿದರೆ ಗಿರ್ರೆನ್ನುತ್ತದೆ. ಚರಿಗೆಯೂ ಅದೇ, ನೀರೂ ಅಷ್ಟೇ. ಹೆಚ್ಚಿದ್ದು ಬೀಳುವ ಎತ್ತರ. ಜಲವಿದ್ಯುತ್ತಿನ ಟರ್ಬೈನು ಈ ಚಕ್ರದ ದೊಡ್ಡಣ್ಣ. ಅದರ ದಂಡಕ್ಕೆ ಜೋಡಿಸಿದ ಅಯಸ್ಕಾಂತ ತಾಮ್ರದ ತಂತಿಸುರುಳಿಗಳ ನಡುವೆ ತಿರುಗಿದರೆ ಕರೆಂಟು ಹುಟ್ಟುತ್ತದೆ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿ ಸೀಮೆಯ ಮಕ್ಕಳಿಗೆ ಈ ಪಾಠದ ದೊಡ್ಡ ಪ್ರಯೋಗಶಾಲೆ ಹತ್ತಿರದಲ್ಲೇ ಇದೆ. ಗೋಕಾಕದಲ್ಲಿ ಘಟಪ್ರಭಾ 52 ಮೀಟರ್ ಕೆಳಗೆ ಧುಮುಕುತ್ತದೆ. 1880ರ ದಶಕದಲ್ಲೇ ಆ ನೀರಿನ ಬಲ ನಂಬಿ ಪಕ್ಕದಲ್ಲಿ ನೂಲಿನ ಗಿರಣಿ ಎದ್ದಿತು. ಲೆಕ್ಕ ಹಾಕೋಣ: ಒಂದು ಲೀಟರ್ ನೀರು ಅಷ್ಟೆತ್ತರದಿಂದ ಬಿದ್ದರೆ ಸಿಗುವ ಶಕ್ತಿ ಸುಮಾರು 510 ಜೂಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅಲ್ಲಿಗೆ ಒಂದು ಯೂನಿಟ್ಟಿಗೆ ಏಳು ಸಾವಿರ ಲೀಟರ್ ನೀರು ಬೇಕು, ಅದೂ ಒಂದಿಷ್ಟೂ ಪೋಲಾಗದಿದ್ದರೆ. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಸುಮಾರು 470 ಕೊಡ!

ರಾಯಚೂರಿನ ಶಾಖೋತ್ಪನ್ನ ಸ್ಥಾವರದಂಥ ಕಡೆ ಅದೇ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸಾಕು. ಅಲ್ಲಿಯೂ ತಿರುಗುವುದು ಟರ್ಬೈನೇ. ತಿರುಗಿಸುವುದು ನೀರಲ್ಲ, ಹಬೆ. ‘ಹಾಗಾದರೆ ಕಲ್ಲಿದ್ದಲೇ ಚಲೋ ಅಲ್ಲೇನ್ರಿ ಸರ್?’ ಎಂದು ಯಾವ ಹುಡುಗನಾದರೂ ಕೇಳಿಯೇ ಕೇಳುತ್ತಾನೆ. ಬೈಯಬೇಡಿ, ಜಗತ್ತು ಕಲ್ಲಿದ್ದಲಿಗೆ ಒಲಿದದ್ದು ಇದೇ ಕಾರಣಕ್ಕೆ. ‘ಖರ್ಚಾದದ್ದು ಮರಳಿ ಬರಲು ಎಷ್ಟು ದಿನ ಬೇಕು?’ ಎಂದು ತಿರುಗಿ ಕೇಳಿ.

ಬಿದ್ದ ನೀರನ್ನು ಸೂರ್ಯ ಮತ್ತೆ ಮೋಡವಾಗಿಸುತ್ತಾನೆ. ಮುಂದಿನ ಮುಂಗಾರಿಗೆ ಅದು ಸಹ್ಯಾದ್ರಿಯ ಮೇಲೆ ಸುರಿಯುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಕರೆಂಟು ಮಾಡಿದರೆ, ವರ್ಷದೊಳಗೆ ಹೊಲದಲ್ಲಿ ಮತ್ತೆ ಕಬ್ಬು ನಿಂತಿರುತ್ತದೆ. ಇವೆರಡೂ ನವೀಕರಿಸಬಹುದಾದವು. ನಮ್ಮ ಕಲ್ಲಿದ್ದಲಿನ ಬಹುಪಾಲು ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದೆ ಹೂತುಹೋದ ಕಾಡು. ಅದು ಹಿರಿಯರು ತುಂಬಿಟ್ಟ ಹಗೇವು: ಬಗೆದಷ್ಟು ಬರುತ್ತದೆ, ಆದರೆ ಮತ್ತೆ ತುಂಬುವವರು ಯಾರೂ ಇಲ್ಲ. ನದಿ ಕರೆಯುವ ಎಮ್ಮೆ. ನಾಳೆಯೂ ಹಾಲು ಕೊಡುತ್ತದೆ, ಕೊಟ್ಟಷ್ಟೇ ಕೊಡುತ್ತದೆ.

ಈ ‘ಕೊಟ್ಟಷ್ಟೇ’ ಎಂಬುದನ್ನು ಪಠ್ಯಪುಸ್ತಕ ಒತ್ತಿ ಹೇಳುವುದಿಲ್ಲ. ಬೇಸಿಗೆಯಲ್ಲಿ ಗೋಕಾಕದ ಬಂಡೆ ಒಣಗಿ ನಿಲ್ಲುವುದನ್ನು ಮಕ್ಕಳೇ ಕಂಡಿದ್ದಾರೆ. ಮಳೆಗಾಲದ ನೀರನ್ನು ಕೂಡಿಡಲೆಂದೇ ಮೇಲೆ 51 ಟಿಎಂಸಿಯ ಹಿಡಕಲ್ ಜಲಾಶಯ ಇರುವುದು. ಗಿಡ ಬೆಳೆಯುವುದಕ್ಕಿಂತ ಬೇಗ ಕಡಿದರೆ ಕಟ್ಟಿಗೆಯೂ ಕಲ್ಲಿದ್ದಲಿನ ಸಾಲಿಗೇ ಸೇರುತ್ತದೆ.

ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಿಗೆ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ನಾಳೆ ಆ ಬಿಲ್ಲನ್ನು ಶಾಲೆಗೆ ತರಲು ಮಕ್ಕಳಿಗೆ ಹೇಳಿ. ಯೂನಿಟ್ ಐವತ್ತಿದ್ದರೆ 470ರಿಂದ ಗುಣಿಸಲಿ. ಇಪ್ಪತ್ಮೂರೂವರೆ ಸಾವಿರ ಕೊಡ ಎಂದು ಗೊತ್ತಾದ ಸಂಜೆ, ಖಾಲಿ ಕೋಣೆಯ ಫ್ಯಾನು ಆರಿಸಲು ಯಾರೂ ಅವರಿಗೆ ಹೇಳಬೇಕಾಗಲಿಕ್ಕಿಲ್ಲ.