ಬಿಸಿಲಿಗೆ ಕಪ್ಪಾದ ಮುಖಕ್ಕೆ ಏನು ಹಚ್ಚುತ್ತಿದ್ದೀರಿ?

ಸಹೋದರಿಯರೇ, ಪಶ್ಚಿಮದ ದೇಶಗಳಲ್ಲಿ ಬಿಳಿ ಚರ್ಮದವರು ಕಂದು ಬಣ್ಣ ಬರಲೆಂದು ದುಡ್ಡು ಕೊಟ್ಟು ಯಂತ್ರದ ಕಿರಣಗಳ ಕೆಳಗೆ ಮಲಗುತ್ತಾರೆ. ಅಂತಹ ಯಂತ್ರಗಳು ಕ್ಯಾನ್ಸರ್ ತರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲೇ ಹೇಳಿದೆ. ನಮ್ಮ ರೋಗ ಇದಕ್ಕೆ ತದ್ವಿರುದ್ಧ. ಬಿಸಿಲಿಗೆ ಮುಖ ಸ್ವಲ್ಪ ಕಂದಿದರೆ ಸಾಕು, ಮನೆಯಲ್ಲಿ ಹೆಣ್ಣು ನೋಡಲು ಬರುವವರ ಚಿಂತೆ ಶುರುವಾಗುತ್ತದೆ. ನಿಕಾಹ್‌ಗೆ ಎರಡು ತಿಂಗಳಿದೆ ಎನ್ನುವಾಗ ಫ್ಯಾನ್ಸಿ ಸ್ಟೋರ್‌ನಿಂದ ಹೆಸರು ಕೇಳದ ಕ್ರೀಮ್ ಬರುತ್ತದೆ. ಗಂಡಿನ ಬಣ್ಣವನ್ನು ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಏನಾಯಿತೆಂದು ಕೇಳಿ. ಕೋಟಕ್ಕಲ್‌ನ ಆಸ್ಟರ್ ಮಿಮ್ಸ್ ಆಸ್ಪತ್ರೆಗೆ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡದ ರೋಗದಿಂದ 22 ಮಂದಿ ಬಂದರು. ಅವರಲ್ಲಿ 15 ಮಂದಿಗೆ ಇದ್ದದ್ದು ಅಪರೂಪದ ವಿಧ. ವಿಚಾರಿಸಿದಾಗ ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗಲು ಕ್ರೀಮ್ ಹಚ್ಚುತ್ತಿದ್ದರು! ಕಾರಣ ಪಾದರಸ.

ಪಾದರಸವು ಚರ್ಮದ ಬಣ್ಣವಾದ ಮೆಲನಿನ್ ತಯಾರಾಗದಂತೆ ತಡೆಯುತ್ತದೆ. ಆದ್ದರಿಂದಲೇ ಮುಖ ಬೇಗ ಬೆಳ್ಳಗಾಗುತ್ತದೆ. ಆದರೆ ಅದು ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡವನ್ನು ಸೇರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರಿ ನೊರೆ ಬರುತ್ತದೆ, ಕಾಲು ಊದಿಕೊಳ್ಳುತ್ತದೆ. ತಾಯಿಯ ಕೆನ್ನೆ ಮುಟ್ಟುವ ಮಗುವಿಗೂ, ಅದೇ ಟವೆಲ್ ಬಳಸುವವರಿಗೂ ಅದು ತಗಲುತ್ತದೆ. ಡಬ್ಬಿಯ ಮೇಲೆ ಕ್ಯಾಲೊಮೆಲ್ ಅಥವಾ ಮರ್ಕ್ಯುರಿ ಎಂದಿದ್ದರೆ, ಚಿನ್ನ ಬೆಳ್ಳಿಗೆ ತಾಗಿಸಬೇಡಿ ಎಂದು ಬರೆದಿದ್ದರೆ ದೂರವಿಡಿ. ತಯಾರಕರ ವಿಳಾಸವೇ ಇಲ್ಲದಿದ್ದರೆ ಕೇಳುವುದೇ ಬೇಡ.

ಇನ್ನೊಂದು ಶತ್ರು ಸ್ಟೀರಾಯ್ಡ್. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಇರುವ ಟ್ಯೂಬುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮವಿದೆ. ಇವನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಕೂದಲೂ ಬೆಳೆಯಬಹುದು. ಬಿಟ್ಟರೆ ಉರಿ, ಹಚ್ಚಿದರೆ ತಂಪು. ಹೀಗೆ ಬಿಡಲಾಗದ ಚಟವಾಗುತ್ತದೆ.

ಹಾಗಾದರೆ ಬಿಸಿಲಿಗೆ ಏನು ಮಾಡಬೇಕು? ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತಂಪಾಗಿದ್ದರೂ ಅತಿನೇರಳೆ ಕಿರಣಗಳು ತೀಕ್ಷ್ಣವೇ. ಹನ್ನೊಂದರಿಂದ ಮೂರರವರೆಗೆ ಮಾರ್ಕೆಟ್ಟಿಗೆ ಹೋಗುವುದಾದರೆ ಕೊಡೆ ಹಿಡಿಯಿರಿ. ಮುಖ, ಕೈಗಳಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಸುಟ್ಟಂತೆ ಕಲೆಯಾಗುತ್ತದೆ. ಬಿಸಿಲಿನ ಕಪ್ಪು ಕೆಲವು ವಾರಗಳಲ್ಲಿ ತಾನೇ ತಿಳಿಯಾಗುತ್ತದೆ.

ಹಾಗೆಂದು ಬಿಸಿಲನ್ನೇ ಬಿಟ್ಟುಬಿಡಬೇಡಿ. ಬುರ್ಖಾ ತೊಡುವ, ಹೆಚ್ಚಾಗಿ ಮನೆಯೊಳಗೇ ಇರುವ ನಮ್ಮಲ್ಲಿ ವಿಟಮಿನ್ ಡಿ ಕೊರತೆ ಸುಲಭವಾಗಿ ಬರುತ್ತದೆ. ಕಿಟಕಿ ಗಾಜಿನೊಳಗಿನ ಬಿಸಿಲು ಇದಕ್ಕೆ ಸಾಲದು. ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ತೋಳು ಮಡಚಿ ಸ್ವಲ್ಪ ಹೊತ್ತು ನಿಲ್ಲಿ.

ಈಗಾಗಲೇ ಅಂತಹ ಕ್ರೀಮ್ ಹಚ್ಚುತ್ತಿರುವವರು ಪಾದರಸದ್ದಾದರೆ ಇಂದೇ ನಿಲ್ಲಿಸಿ. ಕ್ರೀಮ್ ನಿಲ್ಲಿಸಿದ ಮೇಲೆ ಮಲಪ್ಪುರಂನ ಹೆಚ್ಚಿನವರು ಚೇತರಿಸಿಕೊಂಡರು. ಸ್ಟೀರಾಯ್ಡ್ ಆದರೆ ವೈದ್ಯರು ಹೇಳಿದಂತೆ ಬಿಡಿ. ಚಾಮರಾಜಪೇಟೆಯವರಿಗೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರವೇ ಇದೆ. ಮೂತ್ರಪಿಂಡದ ಸರಕಾರಿ ಸಂಸ್ಥೆಯೂ ಅದೇ ಆವರಣದಲ್ಲಿದೆ. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬುದು ಸಣ್ಣ ಪರೀಕ್ಷೆ. ಹೋಗುವಾಗ ಆ ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ.