ಗಣ್ಯರ ಭದ್ರತೆಯಲ್ಲಿ ವೈದ್ಯಕೀಯ ತುರ್ತು ಸಿದ್ಧತೆ

ಗಣ್ಯರ ಭದ್ರತೆಯಲ್ಲಿ ವೈದ್ಯಕೀಯ ತುರ್ತು ಸಿದ್ಧತೆ ಎಂದರೆ ರಕ್ಷಣೆಗೊಳಪಟ್ಟ ವ್ಯಕ್ತಿಗೆ ಗಾಯ, ಹೃದಯಾಘಾತ ಅಥವಾ ಹಠಾತ್ ಅನಾರೋಗ್ಯ ಉಂಟಾದಾಗ ಕೈಗೊಳ್ಳಬೇಕಾದ ಕ್ರಮಗಳನ್ನು ಮುಂಚಿತವಾಗಿ ನಿಗದಿಪಡಿಸುವುದು. ಭದ್ರತೆ ಎಂದೊಡನೆ ಬಂದೂಕುಧಾರಿಗಳೇ ಕಣ್ಣಮುಂದೆ ಬರುತ್ತಾರೆ. ಆದರೆ ವಯಸ್ಸಾದ ಗಣ್ಯರ ವಿಷಯದಲ್ಲಿ ಅನಾರೋಗ್ಯದ ಸಾಧ್ಯತೆಯೇ ಹೆಚ್ಚು.

ಹಿನ್ನೆಲೆ

1984ರ ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಮೇಲೆ ನವದೆಹಲಿಯ ನಿವಾಸದಲ್ಲಿಯೇ ಗುಂಡಿನ ದಾಳಿ ನಡೆಯಿತು. ಅಲ್ಲಿ ಆಂಬ್ಯುಲೆನ್ಸ್ ಇದ್ದರೂ ಅದು ಬಳಕೆಗೆ ಒದಗಲಿಲ್ಲ. ಸೊಸೆ ಸೋನಿಯಾ ಗಾಂಧಿಯವರು ಅವರನ್ನು ಅಂಬಾಸಿಡರ್ ಕಾರಿನಲ್ಲಿ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಕರೆದೊಯ್ದರು. ಆಸ್ಪತ್ರೆಗೆ ಮುನ್ಸೂಚನೆಯೂ ತಲುಪಿರಲಿಲ್ಲ. ಅವರದು ಅಪರೂಪದ ಓ ನೆಗೆಟಿವ್ ರಕ್ತ. ಆ ಗಾಯಗಳ ತೀವ್ರತೆಯಲ್ಲಿ ಸಿದ್ಧತೆಯಿಂದ ಜೀವ ಉಳಿಯುತ್ತಿತ್ತೆಂದು ಹೇಳಲಾಗದು. ಮರುವರ್ಷ, 1985ರಲ್ಲಿ, ವಿಶೇಷ ರಕ್ಷಣಾ ದಳ (ಎಸ್‌ಪಿಜಿ) ರೂಪುಗೊಂಡಿತು.

ಇದಕ್ಕೆ ವ್ಯತಿರಿಕ್ತ ನಿದರ್ಶನ 1981ರ ಮಾರ್ಚ್ 30ರಂದು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರದು. ಗುಂಡು ತಗುಲಿದ್ದು ಮೊದಲು ಯಾರಿಗೂ ತಿಳಿಯಲಿಲ್ಲ. ಕಾರು ಶ್ವೇತಭವನದತ್ತ ಸಾಗುತ್ತಿತ್ತು. ಬಾಯಿಯಲ್ಲಿ ನೊರೆಮಿಶ್ರಿತ ಕೆಂಪು ರಕ್ತ ಕಂಡ ಅಂಗರಕ್ಷಕ ಜೆರ್ರಿ ಪಾರ್ ಶ್ವಾಸಕೋಶಕ್ಕೆ ಪೆಟ್ಟಾಗಿರಬೇಕೆಂದು ಊಹಿಸಿ ಕಾರನ್ನು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ತಿರುಗಿಸಿದರು. ರೇಗನ್ ಬದುಕುಳಿದರು.

ಯೋಜನೆಯ ಅಂಶಗಳು

ಗಣ್ಯರ ರಕ್ತದ ಗುಂಪು, ಅಲರ್ಜಿ, ಸೇವಿಸುತ್ತಿರುವ ಔಷಧಗಳ ವಿವರ ಭದ್ರತಾ ತಂಡದಲ್ಲಿ ಆಯ್ದ ಕೆಲವರಿಗೆ ಮಾತ್ರ ತಿಳಿದಿರುತ್ತದೆ. ಈ ಮಾಹಿತಿಯ ಗೋಪ್ಯತೆಯೂ ಭದ್ರತೆಯ ಭಾಗವೇ. ಮುಂಗಡ ತಂಡವು ಮಾರ್ಗದ ಆಸ್ಪತ್ರೆಗಳನ್ನು ಪರಿಶೀಲಿಸುತ್ತದೆ. ಹತ್ತಿರದ ಆಸ್ಪತ್ರೆಯೇ ಸೂಕ್ತವೆಂದು ಭಾವಿಸುವಂತಿಲ್ಲ: ಶಸ್ತ್ರಚಿಕಿತ್ಸಕರು, ರಕ್ತನಿಧಿ, ತೀವ್ರ ನಿಗಾ ಘಟಕ ಇವೆಯೇ ಎಂಬುದು ಮುಖ್ಯ. ಅಂಗರಕ್ಷಕರು ರಕ್ತಸ್ರಾವ ತಡೆಯುವುದನ್ನೂ ಎದೆಯೊತ್ತಿ ಹೃದಯಕ್ಕೆ ಮರುಚಾಲನೆ ನೀಡುವುದನ್ನೂ ಕಲಿತಿರಬೇಕು. ಹೃದಯ ಸ್ತಂಭನವಾದಾಗ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗತೊಡಗುವುದರಿಂದ ವೈದ್ಯರಿಗಾಗಿ ಕಾಯಲಾಗದು.

ಗ್ರಾಮೀಣ ಪ್ರದೇಶದಲ್ಲಿ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿ 1966ರಲ್ಲಿ ಸ್ಥಾಪನೆಯಾದ ಟಿಬೆಟನ್ ನೆಲೆಯಿದೆ. 1935ರಲ್ಲಿ ಜನಿಸಿದ 14ನೇ ದಲೈ ಲಾಮಾ ಇಲ್ಲಿಗೆ ಹಲವು ಬಾರಿ ಭೇಟಿ ನೀಡಿದ್ದು, 2019ರ ಡಿಸೆಂಬರ್‌ನಲ್ಲಿಯೂ ಬಂದಿದ್ದರು. ಇಂತಹ ಭೇಟಿಯಲ್ಲಿ ದೂರವೇ ದೊಡ್ಡ ಸಮಸ್ಯೆ. ಪಟ್ಟಣದಲ್ಲಿ ತಾಲೂಕು ಆಸ್ಪತ್ರೆಯಿದ್ದರೂ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 50 ಕಿ.ಮೀ. ದೂರದ ಹುಬ್ಬಳ್ಳಿಗೆ ಹೋಗಬೇಕು. ಆದ್ದರಿಂದ ಸುಸಜ್ಜಿತ ಆಂಬ್ಯುಲೆನ್ಸ್ ಜೊತೆಯಲ್ಲಿಯೇ ಇರಬೇಕಾಗುತ್ತದೆ. ರೋಗಿಯನ್ನು ಮೊದಲು ಸ್ಥಳದಲ್ಲಿಯೇ ಸ್ಥಿರಗೊಳಿಸಬೇಕೇ, ಕೂಡಲೇ ಸಾಗಿಸಬೇಕೇ ಎಂಬುದನ್ನು ಮೊದಲೇ ನಿರ್ಧರಿಸಿರಬೇಕು. ಚಿಗಳ್ಳಿಯಂತಹ ಇದೇ ತಾಲೂಕಿನ ಹಳ್ಳಿಗಳ ಜನರಿಗೂ ಹುಬ್ಬಳ್ಳಿಯ ಹಾದಿಯೇ ಗತಿ. ಅವರ ಪಾಲಿಗಿರುವುದು 108 ಆಂಬ್ಯುಲೆನ್ಸ್ ಸೇವೆ. ಜಿಲ್ಲೆಗೆ ಸುಸಜ್ಜಿತ ಬಹುವಿಶೇಷ ಆಸ್ಪತ್ರೆ ಬೇಕೆಂಬ ಬೇಡಿಕೆ 2022ರಲ್ಲಿ ತೀವ್ರಗೊಂಡಿತ್ತು.